ಕಿವಿ ಕೇಳಿದ್ದು, ಕಣ್ಣು ಹೇಳಿದ್ದು

— ಕೇಬಲ್ ಬದಲಾಯಿಸಿದ ತಕ್ಷಣ ತಂಬೂರಿಯ ನಾಲ್ಕು ತಂತಿಯೂ ಬಿಡಿಬಿಡಿಯಾಗಿ ಕೇಳಿಸಿತು ಕಣೆ. ಅಲ್ಲಿಯವರೆಗೆ ಹಿಂದೆಲ್ಲೋ ಒಂದೇ ಗುಂಯ್ ಅನ್ನೋ ನಾದವಾಗಿತ್ತು. ಚಿಕ್ಕಂದಿನಿಂದ ಸಂಗೀತ ಕೇಳ್ತಾ ಬಂದಿರೋ ಕಿವಿ ಇದು. ಇದನ್ನೇ ನಂಬಬಾರದು ಅಂದರೆ ಇನ್ನು ಯಾವುದನ್ನ ನಂಬಲಿ?

— ನಿಮಗೆ ಕೇಳಿಸಿದೆ ಮಾವ, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಅದು ಕೇಬಲ್ಲಿನಿಂದಲೇ ಬಂತಾ ಅನ್ನೋದಷ್ಟೇ ನನ್ನ ಪ್ರಶ್ನೆ. ಬದಲಾಯಿಸಿದ್ದು ಯಾರು?

— ಅಂಗಡಿಯವರು. ನಾನು ಎದುರಿಗೆ ಕೂತಿದ್ದೆ.

— ಅಂದರೆ ಯಾವುದು ಮೂರು ಸಾವಿರದ್ದು, ಯಾವುದು ಒಂದೂಕಾಲು ಲಕ್ಷದ್ದು ಅಂತ ನಿಮಗೆ ಗೊತ್ತಿತ್ತು. ‘ತಂಬೂರಿ ಗಮನಿಸಿ ಸಾರ್’ ಅಂತ ಅವರು ಹೇಳಿದ್ರಾ?

— ಹೇಳಿದ್ರು. ಅದರಲ್ಲಿ ತಪ್ಪೇನು?

— ತಪ್ಪೇನಿಲ್ಲ. ಆದರೆ ಗಮನ ಅನ್ನೋದು ಸಣ್ಣ ಶಕ್ತಿ ಅಲ್ಲ. ಪಲ್ಲವಿ ನಡೀತಿರುವಾಗ ನೀವು ಮನಸ್ಸು ಮಾಡಿದರೆ ಪಿಟೀಲು ಒಂದನ್ನೇ ಹಿಂಬಾಲಿಸಬಲ್ಲಿರಿ. ಮರುಕ್ಷಣ ಘಟ ಒಂದನ್ನೇ. ಒಂದೇ ರೆಕಾರ್ಡನ್ನು ಎರಡನೇ ಸಲ ಕೇಳಿದಾಗ ಮೊದಲ ಸಲ ತಪ್ಪಿಸಿಕೊಂಡದ್ದು ಸಿಗುತ್ತೆ. ಬದಲಾವಣೆ ನಿಮ್ಮ ಆಲಿಸುವಿಕೆಯಲ್ಲಿ ಆಯ್ತು, ಅದರ ಯಶಸ್ಸು ತಂತಿಗೆ ಹೋಯ್ತು. ಇನ್ನೊಂದು ಕೇಳ್ತೀನಿ, ಎರಡು ಸಲವೂ ವಾಲ್ಯೂಮ್ ಒಂದೇ ಇತ್ತಾ?

— ಹೆಚ್ಚು ಕಡಿಮೆ ಒಂದೇ.

— ಆ ‘ಹೆಚ್ಚು ಕಡಿಮೆ’ಯಲ್ಲೇ ಅರ್ಧ ಜಗಳ ಅಡಗಿದೆ. ಒಂದು ಆಂಪ್ಲಿಫೈಯರು ಇನ್ನೊಂದಕ್ಕಿಂತ ಅರ್ಧ ಡೆಸಿಬೆಲ್ ಜೋರಾಗಿದ್ದರೆ ಯಾರಿಗೂ ‘ಜೋರಾಗಿದೆ’ ಅನ್ನಿಸಲ್ಲ, ‘ಚೆನ್ನಾಗಿದೆ’ ಅನ್ನಿಸುತ್ತೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ರು: ಸದ್ದು ಕಡಿಮೆ ಇರುವಾಗ ನಮ್ಮ ಕಿವಿಗೆ ತಗ್ಗು ಸ್ವರಗಳು ಸರಿಯಾಗಿ ಕೇಳಿಸಲ್ಲ. ಸದ್ದು ಏರಿದ ಹಾಗೆ ಅವು ತುಂಬಿಕೊಳ್ತಾ ಬರುತ್ತವೆ. ಅದಕ್ಕೇ ಹೋಲಿಸಿ ನೋಡೋವಾಗ ಮಟ್ಟವನ್ನ 0.1 ಡೆಸಿಬೆಲ್ ಒಳಗೆ ಸರಿ ಮಾಡಿಕೊಳ್ಳಬೇಕು, ಮೀಟರ್ ಹಿಡಿದು. ಕಿವಿಯಲ್ಲಿ ಅದು ಆಗಲ್ಲ.

— ನಿಮ್ಮ ಸ್ಟುಡಿಯೋದವರಿಗೆ ಮೀಟರ್ ಮುಖ್ಯ, ಒಪ್ಪಿದೆ. ಆದರೆ ಮೀಟರ್ ಹಿಡಿದವರು ಒಂದು ಕಾಲಕ್ಕೆ ಎಂಥಾ ಪೆಟ್ಟು ತಿಂದ್ರು ಅನ್ನೋದನ್ನೂ ನೆನಪಿಟ್ಟುಕೋ. 1960ರ ದಶಕದಲ್ಲಿ ಟ್ರಾನ್ಸಿಸ್ಟರ್ ಆಂಪ್ ಬಂದಾಗ ಕಾಗದದ ಮೇಲೆ ವಾಲ್ವ್ ಆಂಪಿಗಿಂತ ಎಷ್ಟೋ ಶುದ್ಧ. ಕೇಳಿದವರು ಮಾತ್ರ ಕರ್ಕಶ, ಮರಳು ಉಜ್ಜಿದ ಹಾಗಿದೆ ಅಂದ್ರು. ‘ನಿಮ್ಮ ಕಿವಿ ಸರಿಯಿಲ್ಲ, ಅಂಕಿ ನೋಡಿ’ ಅಂದ್ರು ಎಂಜಿನಿಯರುಗಳು. ಅದೇ ಹೊತ್ತಿಗೆ, 1962ರಲ್ಲಿ, ಗಾರ್ಡನ್ ಹೋಲ್ಟ್ ‘ಸ್ಟೀರಿಯೋಫೈಲ್’ ಪತ್ರಿಕೆ ಶುರು ಮಾಡಿದ. ಅಂಕಿ ಅಂಶ ಆಚೆಗಿಟ್ಟು, ಕೂತು ಕೇಳಿ, ಕೇಳಿಸಿದ್ದನ್ನ ಬರೆದ. ಕೊನೆಗೆ ಗೆದ್ದದ್ದು ಯಾರು?

— ಅಲ್ಲಿ ಕಿವಿಯೇ ಗೆದ್ದಿತು, ಸಂಶಯವೇ ಬೇಡ. ಆ ಆಂಪುಗಳಲ್ಲಿ ಅಲೆಯ ಮೇಲರ್ಧ ಒಂದು ಟ್ರಾನ್ಸಿಸ್ಟರು, ಕೆಳಗಿನರ್ಧ ಇನ್ನೊಂದು ಹೊರುತ್ತಿತ್ತು. ಕೈ ಬದಲಾಗುವ ಜಾಗದಲ್ಲಿ ಒಂದು ಸಣ್ಣ ತೊಡರು. ಸದ್ದು ಜೋರಾಗಿದ್ದಾಗ ಆ ತೊಡರು ಮುಚ್ಚಿಹೋಗುತ್ತೆ, ಮೆಲ್ಲಗೆ ಹಾಡುವಾಗ ಎದ್ದು ಕಾಣುತ್ತೆ. ಕಂಪನಿಗಳು ಅಳೆದು ಅಚ್ಚು ಹಾಕಿಸ್ತಿದ್ದದ್ದು ಪೂರ್ತಿ ಪವರ್‌ನಲ್ಲಿ. ಜನ ಮನೆಯಲ್ಲಿ ಕೇಳ್ತಿದ್ದದ್ದು ಒಂದೋ ಅರ್ಧವೋ ವಾಟ್‌ನಲ್ಲಿ. ಅಳತೆ ಸುಳ್ಳಾಗಿರಲಿಲ್ಲ ಮಾವ, ಅಳೆಯಬೇಕಾದ ಜಾಗದಲ್ಲಿ ಅಳೆದಿರಲಿಲ್ಲ. ಕಿವಿ ದೂರು ಕೊಟ್ಟಿತು, ಎಂಜಿನಿಯರುಗಳು ಹುಡುಕಿದ್ರು, ಕಾರಣ ಸಿಕ್ಕಿತು, ದೋಷ ಹೋಯ್ತು. ಈ ವಿದ್ಯೆ ಬೆಳೆಯಬೇಕಾದ ರೀತಿಯೇ ಅದು. ಕೇಬಲ್ ವಿಷಯದಲ್ಲಿ ಎಷ್ಟೋ ವರ್ಷದಿಂದ ದೂರು ಮಾತ್ರ ಇದೆ. ಕಣ್ಣಿಗೆ ಪರದೆ ಹಾಕಿದ ಕೂಡಲೇ ದೂರುದಾರರು ಸಾಲುಸಾಲಾಗಿ ಸೋಲ್ತಿದ್ದಾರೆ.

— ಪರದೆ, ಪರದೆ! ನೋಡಿದರೆ ಕಿವಿ ಕೆಡುತ್ತೆ ಅನ್ನೋದಕ್ಕೆ ಏನು ಆಧಾರ?

— ಫ್ಲಾಯ್ಡ್ ಟೂಲ್ ಅಂತ ಒಬ್ಬರು. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ವರ್ಷಗಟ್ಟಲೆ ಸ್ಪೀಕರುಗಳನ್ನ ಪರೀಕ್ಷೆ ಮಾಡಿದವರು, 1991ರಲ್ಲಿ ಹಾರ್ಮನ್ ಕಂಪನಿಗೆ ಬಂದ್ರು. ಅವರೂ ಸೀನ್ ಆಲಿವ್ ಅನ್ನೋರೂ ಸೇರಿ 1994ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ್ರು. ನಾಲ್ಕು ಸ್ಪೀಕರು, ಕೇಳುವವರು ಅದೇ ಕಂಪನಿಯ 40 ಜನ ನೌಕರರು. ಒಮ್ಮೆ ಪರದೆಯ ಹಿಂದೆ, ಒಮ್ಮೆ ಕಣ್ಣೆದುರಿಗೆ. ಕಣ್ಣೆದುರಿಗೆ ಇದ್ದಾಗ ದೊಡ್ಡ, ಚೆಂದದ ಸ್ಪೀಕರುಗಳಿಗೆ ಅಂಕ ಏರಿತು, ಚಿಕ್ಕದಾದ ಅಗ್ಗದ ಸ್ಪೀಕರಿಗೆ ಇಳೀತು. ಇಷ್ಟನ್ನ ಯಾರಾದರೂ ಊಹಿಸಬಹುದು. ನನ್ನನ್ನ ತಡೆದು ನಿಲ್ಲಿಸಿದ್ದು ಅದರ ಇನ್ನೊಂದು ಫಲಿತಾಂಶ. ಪರದೆ ಇದ್ದಾಗ, ಸ್ಪೀಕರನ್ನ ಕೋಣೆಯಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಇಟ್ಟರೆ ಕೇಳುವವರು ಅದನ್ನ ಗುರುತಿಸಿ ಅಂಕ ಬದಲಾಯಿಸ್ತಿದ್ರು. ಹಾಡು ಬದಲಾದರೂ ಅಷ್ಟೇ. ಪರದೆ ತೆಗೆದ ಮೇಲೆ ಆ ಸೂಕ್ಷ್ಮವೆಲ್ಲ ಮಾಯವಾಯ್ತು. ಜಾಗ ಬದಲಾಗಲಿ, ಹಾಡು ಬದಲಾಗಲಿ, ಅಂಕ ಹೆಚ್ಚುಕಡಿಮೆ ಅಲ್ಲೇ ನಿಂತಿತು. ನಿಜಕ್ಕೂ ಇದ್ದ ವ್ಯತ್ಯಾಸಕ್ಕೇ ಅವರು ಕಿವುಡಾದ್ರು.

— ಇಲ್ಲದ್ದು ಕೇಳಿಸೋದು ಒಂದು ಕಡೆ, ಇದ್ದದ್ದು ಕೇಳಿಸದೇ ಹೋಗೋದು ಇನ್ನೊಂದು ಕಡೆ.

— ಎರಡನೆಯದು ನನಗೆ ಹೆಚ್ಚು ಸಂಕಟ ಕೊಡುತ್ತೆ. ಒಳ್ಳೇ ಕಿವಿ ಇರುವವರೇ ಅದರಲ್ಲಿ ಹೆಚ್ಚು ಕಳ್ಕೊಳ್ಳೋದು.

— ಸರಿ. ಆದರೆ ಕಣ್ಣು ಮುಚ್ಚಿಸಿದ ಮಾತ್ರಕ್ಕೆ ನಿಜ ಹೊರಬರುತ್ತೆ ಅನ್ನೋದನ್ನ ನಾನು ಒಪ್ಪಲ್ಲ. ಎಡಿಸನ್ ಕಂಪನಿ 1915ರಿಂದ ಸುಮಾರು ಹತ್ತು ವರ್ಷ ಅಮೆರಿಕದ ಊರೂರಲ್ಲಿ ನಡೆಸಿದ ಪರೀಕ್ಷೆ ನೆನಪಿಸಿಕೋ. ಗಾಯಕಿ ವೇದಿಕೆ ಮೇಲೆ ಫೋನೋಗ್ರಾಫ್ ಪಕ್ಕ ನಿಂತು ಅದರ ಜೊತೆಗೇ ಹಾಡೋದು, ನಡುನಡುವೆ ಸುಮ್ಮನಾಗೋದು. ಆಮೇಲೆ ದೀಪ ಆರಿಸೋದು. ದೀಪ ಹತ್ತಿದಾಗ ನೋಡಿದರೆ ಗಾಯಕಿ ಅಲ್ಲಿಲ್ಲ, ಪ್ಲೇಟು ತಿರುಗ್ತಿದೆ. ಸಭೆ ಬೆರಗಾಗಿ ಚಪ್ಪಾಳೆ ಹೊಡೀತು. ಆ ಪ್ಲೇಟುಗಳನ್ನ ಈಗ ಹಾಕಿದರೆ ಮಗು ಕೂಡ ಇದು ಯಂತ್ರ ಅಂತ ಹೇಳುತ್ತೆ. ಕತ್ತಲಲ್ಲಿ ಕೂತ ಅಷ್ಟು ಜನರ ಕಿವಿ ಎಲ್ಲಿ ಹೋಗಿತ್ತು?

— ಒಳ್ಳೇ ಪ್ರಶ್ನೆ ಎತ್ತಿದ್ರಿ. ಆ ಸಭೆಗಳಲ್ಲಿ ಹಾಡಿದ ಆನಾ ಕೇಸ್ ಎಷ್ಟೋ ವರ್ಷ ಆದ ಮೇಲೆ ಹೇಳಿಕೊಂಡ್ರು, ತಾನು ಯಂತ್ರದ ಮಟ್ಟಕ್ಕೆ ಹೊಂದೋ ಹಾಗೆ ದನಿ ತಗ್ಗಿಸಿ ಹಾಡ್ತಿದ್ದೆ ಅಂತ. ಪ್ಲೇಟು ಗಾಯಕಿಯ ಹಾಗೆ ಹಾಡಲಿಲ್ಲ, ಗಾಯಕಿ ಪ್ಲೇಟಿನ ಹಾಗೆ ಹಾಡಿದ್ರು. ಪರೀಕ್ಷೆ ನಡೆಸಿದ್ದೂ ಮಾರುವವರೇ. ಕತ್ತಲೆ ಇದ್ದರೆ ಸಾಲದು, ಯಾವುದು ಯಾವಾಗ ನುಡೀತಿದೆ ಅನ್ನೋದು ನಡೆಸುವವನಿಗೂ ಗೊತ್ತಿರಬಾರದು. 1982ರಲ್ಲಿ ಡೇವಿಡ್ ಕ್ಲಾರ್ಕ್ ವಿವರಿಸಿದ ಎಬಿಎಕ್ಸ್ ಪೆಟ್ಟಿಗೆ ಮಾಡೋದು ಇಷ್ಟೇ. ‘ಎ’ ಯಾವುದು ‘ಬಿ’ ಯಾವುದು ಅಂತ ನಿಮಗೆ ಗೊತ್ತಿರುತ್ತೆ, ‘ಎಕ್ಸ್’ ಇವೆರಡರಲ್ಲಿ ಯಾವುದು ಅಂತ ಪೆಟ್ಟಿಗೆಯೇ ಸದ್ದಿಲ್ಲದೆ ಆರಿಸಿರುತ್ತೆ. 16 ಸಲ ಕೇಳಿ 12 ಸಲ ಸರಿ ಹೇಳಿದರೆ ಅದು ಬರೀ ಅದೃಷ್ಟ ಆಗಿರೋ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ.

— ಹದಿನಾರು ಸಲ ಅದೇ ಅರ್ಧ ನಿಮಿಷದ ತುಣುಕು! ಪರೀಕ್ಷೆಗೆ ಕೂತ ಹುಡುಗನ ಹಾಗೆ ಬೆವರುತ್ತಾ ಕೂತರೆ ಸಂಗೀತ ಒಳಗೆ ಇಳಿಯುತ್ತಾ? ಒಂದು ಆಂಪನ್ನ ನಾನು ಅರ್ಥ ಮಾಡಿಕೊಳ್ಳೋದು ತಿಂಗಳುಗಟ್ಟಲೆ. ರಾತ್ರಿ ಬಹಳ ಹೊತ್ತು ಕೇಳಿದ ಮೇಲೂ ತಲೆ ಭಾರ ಆಗಿಲ್ಲ ಅಂದರೆ ಅದು ಒಳ್ಳೇದು. ಇದನ್ನ ನಿನ್ನ ಪೆಟ್ಟಿಗೆ ಹೇಗೆ ಹಿಡಿಯುತ್ತೆ?

— ಹಿಡಿಯಲಿ, ಯಾರು ಬೇಡ ಅಂದ್ರು? ಎರಡು ಆಂಪನ್ನೂ ಬಟ್ಟೆ ಮುಚ್ಚಿದ ಕಪಾಟಿನೊಳಗೆ ಇಡೋಣ. ವಾರಕ್ಕೊಮ್ಮೆ ಅತ್ತೆ ನಾಣ್ಯ ಚಿಮ್ಮಿ ಬದಲಾಯಿಸಲಿ, ಅಥವಾ ಬದಲಾಯಿಸದೇ ಇರಲಿ. ನೀವು ನಿಮ್ಮ ಕುರ್ಚಿಯಲ್ಲಿ, ನಿಮ್ಮ ಹೊತ್ತಿನಲ್ಲಿ, ನಿಮಗೆ ಬೇಕಾದ ರಾಗ ಕೇಳಿ. ತಲೆಭಾರ ಆದ ವಾರ ಯಾವುದು ಅಂತ ಬರೆದಿಡಿ. ಆತುರವೂ ಬೇಡ, ಬೆವರೂ ಬೇಡ. ಇಷ್ಟಾದರೂ ಒಂದು ಮಾತು ಒಪ್ಪಿಕೊಳ್ತೀನಿ. ಪರೀಕ್ಷೆಯಲ್ಲಿ ವ್ಯತ್ಯಾಸ ಸಿಗಲಿಲ್ಲ ಅಂದ ಮಾತ್ರಕ್ಕೆ ವ್ಯತ್ಯಾಸವೇ ಇಲ್ಲ ಅಂತ ಸಾಧಿಸಿದ ಹಾಗಾಗಲ್ಲ. ಇದ್ದರೆ ಎಷ್ಟು ಚಿಕ್ಕದಿರಬೇಕು ಅನ್ನೋ ಅಂದಾಜು ಸಿಗುತ್ತೆ, ಅಷ್ಟೇ.

— ಸಿಡಿ ವಿಷಯದಲ್ಲೂ ಇದೇ ಜಗಳ ಅಲ್ವಾ? 44,100 ಸ್ಯಾಂಪಲ್ಲು, 16 ಬಿಟ್ಟು ಸಾಲದು, 192 ಸಾವಿರ ಬೇಕು, 24 ಬಿಟ್ ಬೇಕು ಅಂತ.

— ಅದೇ. ಸೆಕೆಂಡಿಗೆ 44,100 ಸಲ ಮಾದರಿ ತೆಗೆದರೆ 22,050 ಹರ್ಟ್ಜ್‌ವರೆಗಿನ ಅಲೆಯನ್ನ ಮತ್ತೆ ಕಟ್ಟಬಹುದು. ಮೆಟ್ಟಿಲು ಮೆಟ್ಟಿಲಾಗಿ ಕಟ್ಟೋದಲ್ಲ, ನುಣುಪಾದ ಅಲೆಯಾಗೇ. ಎಳೇ ವಯಸ್ಸಿನ ಒಳ್ಳೇ ಕಿವಿಯ ಮಿತಿಯೇ 20,000 ಹರ್ಟ್ಜ್. 2007ರಲ್ಲಿ ಮೇಯರ್ ಮತ್ತು ಮೊರಾನ್ ಅನ್ನೋರು ಬಾಸ್ಟನ್ ಕಡೆ ಒಂದು ಪರೀಕ್ಷೆ ಮಾಡಿದ್ರು. ಉತ್ತಮ ದರ್ಜೆಯ ಡಿಸ್ಕಿನ ಸದ್ದನ್ನ ಒಮ್ಮೆ ನೇರವಾಗಿ, ಒಮ್ಮೆ ನಡುವೆ ಸಿಡಿ ಮಟ್ಟದ ಇಕ್ಕಟ್ಟಿನಲ್ಲಿ ತೂರಿಸಿ ಕೇಳಿಸಿದ್ರು. 554 ಸಲ ಕೇಳಿದ್ದರಲ್ಲಿ ಸರಿಯಾದ ಉತ್ತರ 276. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರ್ತಿತ್ತು.

— ಅಲ್ಲಿಗೇ ನಿಲ್ಲಿಸಬೇಡ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೈಸ್ 2016ರಲ್ಲಿ ಇಂಥ 18 ಅಧ್ಯಯನಗಳನ್ನ ಒಟ್ಟುಗೂಡಿಸಿ ಲೆಕ್ಕ ಹಾಕಿದ್ದನ್ನ ನಾನೂ ಓದಿದ್ದೀನಿ. ಹನ್ನೆರಡೂವರೆ ಸಾವಿರಕ್ಕೂ ಹೆಚ್ಚು ಪ್ರಯತ್ನಗಳಲ್ಲಿ ನೂರಕ್ಕೆ 52.3 ಸರಿ. ತರಬೇತಿ ಇದ್ದವರಲ್ಲಿ ಇನ್ನೂ ಹೆಚ್ಚು. ಅಂದರೆ ಏನೋ ಇದೆ.

— ಇರಬಹುದು. ನಾನು ಅದನ್ನ ತಳ್ಳಿಹಾಕಲ್ಲ. ಆದರೆ ಆ ‘ಏನೋ’ ನೂರಕ್ಕೆ ಎರಡೂಚಿಲ್ಲರೆಯಷ್ಟು. ಜಾಹೀರಾತು ಹೇಳೋದು ‘ಕಣ್ಣಮುಂದಿನ ಮುಸುಕು ಸರಿದ ಹಾಗೆ’ ಅಂತ. ಮುಸುಕು ಸರಿದಿದ್ದರೆ ನೂರಕ್ಕೆ ತೊಂಬತ್ತು ಜನಕ್ಕೆ ಗೊತ್ತಾಗಬೇಕಿತ್ತು.

— ಎಲ್‌ಪಿ ಬಗ್ಗೆ ಮಾತ್ರ ನನ್ನನ್ನ ಅಲುಗಾಡಿಸೋಕೆ ಆಗಲ್ಲ. ಆ ಸದ್ದಿನಲ್ಲಿರೋ ಬಿಸುಪು ಕಂಪ್ಯೂಟರಿನ ಫೈಲಿಗೆ ಬರಲ್ಲ.

— 2022ರ ಜುಲೈನಲ್ಲಿ ಏನಾಯ್ತು ಗೊತ್ತಲ್ಲ? ಮೊಬೈಲ್ ಫಿಡೆಲಿಟಿ ಅಂತ ಅಮೆರಿಕದ ಕಂಪನಿ. ಮೂಲ ಟೇಪಿನಿಂದ ಕೊರೆದ ಎಲ್‌ಪಿಗಳಿಗೆ ಹೆಸರಾದದ್ದು. ಮೈಕಲ್ ಜಾಕ್ಸನ್ನನ ‘ಥ್ರಿಲ್ಲರ್’ನ ಹೊಸ ಆವೃತ್ತಿ ನಲವತ್ತು ಸಾವಿರ ಪ್ರತಿ ತರ್ತೀವಿ ಅಂತ ಸಾರಿದ್ರು. ಅವರ ವಿಧಾನದಲ್ಲಿ ಅಷ್ಟು ಪ್ರತಿ ತೆಗೀಬೇಕಾದರೆ ಆ ಬೆಲೆಕಟ್ಟಲಾಗದ ಟೇಪನ್ನ ಮತ್ತೆ ಮತ್ತೆ ಓಡಿಸಬೇಕು. ಅದಕ್ಕೆ ಯಾರು ಒಪ್ತಾರೆ? ಅನುಮಾನ ಎದ್ದಿತು. ಫೀನಿಕ್ಸ್ ನಗರದ ರೆಕಾರ್ಡ್ ಅಂಗಡಿಯವರೊಬ್ಬರು ವಿಷಯ ಬಯಲಿಗೆಳೆದ್ರು, ಕಂಪನಿಯ ಎಂಜಿನಿಯರುಗಳೂ ಒಪ್ಪಿಕೊಂಡ್ರು. 2011ರಿಂದಲೇ ಅವರ ಎಷ್ಟೋ ಎಲ್‌ಪಿಗಳಲ್ಲಿ ನಡುವೆ ಡಿಜಿಟಲ್ ಹೆಜ್ಜೆ ಇತ್ತು. ಟೇಪನ್ನ ಡಿಎಸ್‌ಡಿ ಫೈಲ್ ಮಾಡಿಕೊಂಡು ಅದರಿಂದ ಕೊರೀತಿದ್ರು. ಇಷ್ಟು ವರ್ಷ ಅವುಗಳ ಅನಲಾಗ್ ಬಿಸುಪನ್ನ ಹೊಗಳಿದವರು ಪಳಗಿದ ಕಿವಿಯವರೇ.

— ಅದರಲ್ಲಿ ನನಗೆ ನೋವಾಗೋದು ಮುಚ್ಚಿಟ್ಟದ್ದಕ್ಕೆ. ಹೇಳಿ ಮಾರಬೇಕಿತ್ತು. ಜನ ಕೋರ್ಟಿಗೆ ಹೋಗಿದ್ದು ಸರಿ. ಆದರೆ ನೋಡು, ಆ ರೆಕಾರ್ಡುಗಳ ಸದ್ದು ನಿಜವಾಗಿಯೂ ಚೆನ್ನಾಗಿದೆ. ಹೊಗಳಿದವರದ್ದು ಭ್ರಮೆ ಅಲ್ಲ.

— ಅಲ್ಲವೇ ಅಲ್ಲ! ನಾನು ಇಷ್ಟು ಹೊತ್ತು ಹೇಳೋಕೆ ಒದ್ದಾಡ್ತಿರೋದು ಅದನ್ನೇ. ಅವರಿಗೆ ಕೇಳಿಸಿದ ಚೆಲುವು ಅಲ್ಲಿತ್ತು. ಒಳ್ಳೇ ಟೇಪು ಹುಡುಕಿ ತಂದ ಶ್ರದ್ಧೆ, ಮಾಸ್ಟರಿಂಗ್ ಮಾಡಿದವರ ಕೈ, ಸದ್ದನ್ನ ಹಿಂಡದೆ ಏರಿಳಿತ ಉಳಿಸಿದ ಸಂಯಮ, ಒಳ್ಳೇ ವಿನೈಲ್. ಕೇಳಿದ್ದು ಸರಿ, ಕಾರಣ ಹೇಳಿದ್ದು ತಪ್ಪು. ಕಿವಿ ಸುಖದ ವಿಷಯದಲ್ಲಿ ನಂಬಿಗಸ್ತ ಸಾಕ್ಷಿ. ಆ ಸುಖ ಎಲ್ಲಿಂದ ಬಂತು ಅಂತ ಹೇಳೋ ಅಧಿಕಾರ ಅದಕ್ಕಿಲ್ಲ. ದುಡ್ಡು ಹೋಗೋದು ಯಾವಾಗಲೂ ಕಾರಣದ ಹಿಂದೆ. ಅದಕ್ಕೇ ಇದು ಬರೀ ವಾದ ಅಲ್ಲ.

— ಹಾಗಾದರೆ ನನ್ನ ವಾಲ್ವ್ ಆಂಪ್? ಅದನ್ನೂ ಮಾರಿಬಿಡಲಾ?

— ಮಾರಬೇಡಿ ಮಾವ. ಅದು ಸದ್ದನ್ನ ಬದಲಾಯಿಸುತ್ತೆ, ಅಳೆದರೂ ಸಿಗುತ್ತೆ, ಕೇಳಿದರೂ ಸಿಗುತ್ತೆ. ಅಂಥ ಆಂಪುಗಳಲ್ಲಿ ಹೆಚ್ಚಾಗಿ ಸೇರೋದು ಎರಡನೇ ಹಾರ್ಮಾನಿಕ್. ಮೂಲ ಸ್ವರದ ಎರಡರಷ್ಟು ಕಂಪನ ಅಂದರೆ ಮೇಲಿನ ಸ್ಥಾಯಿಯ ಅದೇ ಸ್ವರ, ಷಡ್ಜದ ಜೊತೆ ತಾರಷಡ್ಜ. ಮೂರನೆಯದು ಸೇರಿದರೆ ಅದರ ಮೇಲಿನ ಪಂಚಮ. ನಮ್ಮ ಕಿವಿಗೆ ಇವು ಪರಕೀಯ ಅಲ್ಲ, ಶ್ರುತಿಯೊಳಗೇ ಕೂರುತ್ತವೆ. ‘ಇದು ಹೆಚ್ಚು ನಿಖರ’ ಅಂದರೆ ನಾನು ಜಗಳಕ್ಕೆ ಬರ್ತೀನಿ. ‘ಇದು ನನಗಿಷ್ಟ’ ಅಂದರೆ ನಿಮ್ಮ ಪಕ್ಕ ಕೂತು ನಾನೂ ಕೇಳ್ತೀನಿ.

— ಇಷ್ಟ ಅನ್ನೋದರಲ್ಲಿ ಇನ್ನೂ ಬೇಕಾದಷ್ಟು ಇದೆ ಕಣೆ. ಬೆಳ್ಳಿ ಲೋಟದಲ್ಲಿ ಕುಡಿದರೂ ಕಾಫಿ ಅದೇ, ಆದರೆ ಕುಡಿಯೋ ಗಳಿಗೆ ಅದೇ ಅಲ್ಲ. ಕತ್ತಲಲ್ಲಿ ವಾಲ್ವುಗಳು ಕೆಂಪಗೆ ಉರಿಯೋದು, ಅಚ್ಚುಕಟ್ಟಾಗಿ ಕಡೆದ ಟರ್ನ್‌ಟೇಬಲ್ಲು, ಮುಳ್ಳು ಇಳಿಸೋವಾಗಿನ ಜಾಗ್ರತೆ. ಇದನ್ನ ಮಾಡಿದ ಕೈಗಳ ಬಗ್ಗೆ ನನಗೆ ಗೌರವ ಇದೆ. ಅದಕ್ಕೆ ಕೊಡೋ ದುಡ್ಡು ದಂಡ ಅನ್ನಿಸಲ್ಲ.

— ದಂಡ ಅಲ್ಲ. ಕಣ್ಣಿಗೆ, ಕೈಗೆ, ಕುಶಲಕರ್ಮಿಗೆ ಕೊಟ್ಟೆ ಅಂತ ತಿಳಿದು ಕೊಟ್ಟರೆ ಅದಕ್ಕೊಂದು ಘನತೆ ಇದೆ. ನನಗೆ ಸಿಟ್ಟು ಬರೋದು ಬೇರೆ ಕಡೆ. ಸಂಗೀತಕ್ಕೆ ಹೊಸದಾಗಿ ಒಲಿದ ಹುಡುಗನೊಬ್ಬ, ಲಕ್ಷಗಟ್ಟಲೆ ಸುರಿಯದೆ ತಾನು ಕೇಳ್ತಿರೋದು ಸಂಗೀತವೇ ಅಲ್ಲ ಅಂತ ಕುಗ್ಗಿ ಹೋಗ್ತಾನಲ್ಲ, ಅಲ್ಲಿ. ತಂತಿಯ ಲೆಕ್ಕ ಹೇಳಿಬಿಡ್ತೀನಿ ಕೇಳಿ. ಮನೆ ವೈರಿಂಗಿಗೆ ಹಾಕೋ 2.5 ಚದರ ಮಿಲಿಮೀಟರ್ ತಾಮ್ರದ ವೈರು, ಮೂರು ಮೀಟರ್ ಉದ್ದ. ಹೋಗಿ ಬರೋದು ಸೇರಿ ಆರು ಮೀಟರ್. ಅದರ ರೋಧ 0.04 ಓಮ್. ಸ್ಪೀಕರ್ 8 ಓಮ್ ಅಂದರೆ ತಂತಿಯಲ್ಲಿ ಕಳೆದುಹೋಗೋದು 0.05 ಡೆಸಿಬೆಲ್‌ಗೂ ಕಡಿಮೆ. ಬಹಳ ಸಪೂರವಾದ ತಂತಿಯನ್ನ ಬಹಳ ಉದ್ದ ಎಳೆದರೆ ಆಗ ಕಥೆ ಬೇರೆ.

— ಹಾಗಿದ್ದರೆ ಆ ಹಣವನ್ನ ಎಲ್ಲಿ ಹಾಕಲಿ? ಅದನ್ನ ಹೇಳು.

— ಮೊದಲು ನಿಮ್ಮ ಕೋಣೆಗೆ. ಆ ಕೋಣೆ ಹನ್ನೆರಡು ಅಡಿ ಅಲ್ವಾ? ಸಿಮೆಂಟ್ ಗೋಡೆ, ಆರ್‌ಸಿಸಿ ಮೇಲ್ಛಾವಣಿ, ನುಣುಪಾದ ಟೈಲ್ಸು, ಒಂದು ಕಡೆ ಪೂರ್ತಿ ಗಾಜು. ಎದುರುಬದುರು ಗೋಡೆ ಹನ್ನೆರಡು ಅಡಿ ದೂರ ಇದ್ದರೆ ಸುಮಾರು 47 ಹರ್ಟ್ಜ್‌ನಲ್ಲಿ ಸದ್ದು ಅಲ್ಲೇ ಸಿಕ್ಕಿಕೊಂಡು ಮೊರೆಯುತ್ತೆ. ಗೋಡೆ ಪಕ್ಕ ಕೂತರೆ ಆ ಸ್ವರ ಉಬ್ಬುತ್ತೆ, ಸರಿಯಾಗಿ ನಡುವೆ ಕೂತರೆ ಬಹುಪಾಲು ಸತ್ತೇಹೋಗುತ್ತೆ. ಎರಡರ ನಡುವೆ ಹತ್ತು ಡೆಸಿಬೆಲ್‌ಗಿಂತ ಹೆಚ್ಚು ವ್ಯತ್ಯಾಸ ಇರಬಹುದು. ತಂತಿಯದ್ದಕ್ಕೆ ಹೋಲಿಸಿ ನೋಡಿ. ಇದರ ಎರಡರಷ್ಟು, ಮೂರರಷ್ಟು ಕಂಪನದಲ್ಲೂ ಇದೇ ಕಾಟ, ಮೃದಂಗದ ಎಡದ ತೊಪ್ಪಿಯ ಗುಂಕಿ ಬಂದು ಬೀಳೋದು ಅಲ್ಲೇ ಆಸುಪಾಸಿನಲ್ಲಿ. ‘ಈ ಸ್ಪೀಕರಿನಲ್ಲಿ ಗುಂಕಿ ಸ್ಪಷ್ಟ ಇಲ್ಲ’ ಅಂತ ನೀವು ಎರಡು ಸಲ ಸ್ಪೀಕರ್ ಬದಲಾಯಿಸಿದ್ರಲ್ಲ, ಕುರ್ಚಿಯನ್ನ ಎರಡಡಿ ಹಿಂದೆ ಸರಿಸಿ ನೋಡಬಹುದಿತ್ತು.

— ನಿನ್ನ ಅತ್ತೆ ಸರಿಸೋಕೆ ಬಿಡಲ್ಲ, ಅದು ಬೇರೆ ಮಾತು. ಆಮೇಲೆ?

— ದಪ್ಪ ಜಮಖಾನ, ಗಾಜಿಗೆ ಭಾರವಾದ ಪರದೆ, ಪಕ್ಕದ ಗೋಡೆಗೆ ಪುಸ್ತಕದ ಕಪಾಟು. ಮೂಲೆಗಳಲ್ಲಿ ಗಾಜಿನ ಉಣ್ಣೆ ತುಂಬಿದ ದಪ್ಪ ಹಲಗೆಗಳು, ತೆಳ್ಳಗಿನ ಸ್ಪಂಜು ತಗ್ಗು ಸ್ವರವನ್ನ ಮುಟ್ಟೋದೂ ಇಲ್ಲ. ಆಮೇಲೆ ಸ್ಪೀಕರು. ಯಂತ್ರಗಳಲ್ಲಿ ಒಂದಕ್ಕಿಂತ ಒಂದು ನಿಜವಾಗಿ ಬೇರೆ ಕೇಳಿಸೋದು ಸ್ಪೀಕರೇ. ಉಳಿದದ್ದೆಲ್ಲ ರೆಕಾರ್ಡಿಂಗಿಗೆ. ವಿಶ್ವಮೋಹನ ಭಟ್ಟರೂ ರೈ ಕೂಡರೂ ಸೇರಿ ನುಡಿಸಿದ ‘ಎ ಮೀಟಿಂಗ್ ಬೈ ದ ರಿವರ್’ ನಿಮ್ಮ ಹತ್ರ ಇದೆಯಲ್ಲ?

— ಅದಿಲ್ಲದ ಆಡಿಯೋ ಪ್ರೇಮಿ ಇದ್ದಾನಾ? ಅಂಗಡಿಗೆ ಹೋದರೂ ಮೊದಲು ಹಾಕೋದು ಅದನ್ನೇ. 1994ರಲ್ಲಿ ಗ್ರ್ಯಾಮಿ ಬಂತು.

— ಅದನ್ನ ಮುದ್ರಿಸಿದ್ದು ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ, ಒಂದು ಪ್ರಾರ್ಥನಾಲಯದೊಳಗೆ. ಪಕ್ಕಪಕ್ಕದಲ್ಲಿ ಇಟ್ಟ ಎರಡು ಮೈಕು, ಟೇಪು, ಎದುರಾಬದುರಾ ಕೂತ ಕಲಾವಿದರು. ಆಮೇಲೆ ಮಿಕ್ಸ್ ಮಾಡಿ ತೇಪೆ ಹಚ್ಚಿದ್ದಲ್ಲ. ಆ ಜಾಗದ ಗಾಳಿ ಸಮೇತ ಕೇಳಿಸುತ್ತಲ್ಲ, ಅದು ಯಾವ ಸ್ಪೀಕರಿನಲ್ಲಿ ಹಾಕಿದರೂ ಅಷ್ಟಿಷ್ಟು ಉಳಿಯುತ್ತೆ. ಏಕೆಂದರೆ ಅದು ಟೇಪಿನ ಮೇಲೇ ಇದೆ. ನನ್ನ ಕೆಲಸದಲ್ಲಿ ದಿನಾ ನೋಡೋದು ಇದೇ ಮಾವ. ವೀಣೆಯ ಎದುರು ಮೈಕನ್ನ ಒಂದು ಗೇಣು ಅತ್ತಿತ್ತ ಸರಿಸಿದರೆ ಆಗೋ ಬದಲಾವಣೆಯನ್ನ ಆಮೇಲೆ ಯಾವ ಲಕ್ಷದ ಪೆಟ್ಟಿಗೆಯೂ ತಂದುಕೊಡಲ್ಲ. ನಮ್ಮ ಸಂಗೀತಕ್ಕೆ ಅಷ್ಟು ಕಾಳಜಿಯಿಂದ ಮಾಡಿದ ರೆಕಾರ್ಡಿಂಗುಗಳು ಎಷ್ಟು ಕಮ್ಮಿ ಇವೆ!

— ಆದರೂ ಒಂದು ಮಾತು. ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ ಪ್ಲೇಟು ಕೇಳ್ತೀನಿ ನಾನು. ಮೈಕೇ ಇಲ್ಲದ ಕಾಲ, ತುತ್ತೂರಿಯಂಥ ಕೊಳವೆಯೊಳಗೆ ಹಾಡಬೇಕಿತ್ತು. ಮೇಲೂ ಇಲ್ಲ, ಕೆಳಗೂ ಇಲ್ಲ, ನಡುವಿನ ಒಂದು ಪಟ್ಟಿ ಮಾತ್ರ. ತುಂಬ ಚರಚರ ಸದ್ದು. ಕೊನೆಗೆ ತನ್ನ ಹೆಸರು ತಾನೇ ಹೇಳ್ತಾಳೆ. ನಮ್ಮ ಮೈಸೂರಿನ ಆಸ್ಥಾನಕ್ಕೆ ಬಂದು, 1930ರಲ್ಲಿ ಇಲ್ಲೇ ತೀರಿಕೊಂಡಳು. ಆ ಮೂರು ನಿಮಿಷದಲ್ಲಿ ಆ ತಾನಗಳ ವೇಗ ನನ್ನನ್ನ ಹಿಡಿದು ಅಲ್ಲಾಡಿಸುತ್ತೆ. ಆಗ ನಾನು ಯಂತ್ರದ ಯೋಚನೆ ಮಾಡಿದ್ದೇ ಇಲ್ಲ.

— ಆ ಪ್ಲೇಟು ಕೇಳೋವಾಗ ನಿಮ್ಮ ಗಮನ ಪೂರ್ತಿ ಅವಳ ಮೇಲೇ ಇರುತ್ತೆ. ಹೋಲಿಕೆ ಮಾಡೋಕೆ ಅಲ್ಲಿ ಏನೂ ಇಲ್ಲ.

— ಅದೂ ಹೌದು. ಇನ್ನೊಂದು ಅನುಮಾನ ಕೇಳಿಬಿಡ್ತೀನಿ. ಹ್ಯಾರಿ ಪಿಯರ್ಸನ್ 1973ರಲ್ಲಿ ‘ದ ಅಬ್ಸಲ್ಯೂಟ್ ಸೌಂಡ್’ ಪತ್ರಿಕೆ ಶುರು ಮಾಡಿದಾಗ, ನಿಜವಾದ ಜಾಗದಲ್ಲಿ ಮೈಕಿಲ್ಲದೆ ನುಡಿದ ಸಂಗೀತವೇ ಒರೆಗಲ್ಲು ಅಂದ. ನಾನೂ ಅದನ್ನೇ ಹೇಳ್ತಾ ಬಂದಿದ್ದೀನಿ. ಆದರೆ ನಮ್ಮ ಸಭೆಗಳಲ್ಲಿ ಎಲ್ಲದಕ್ಕೂ ಮೈಕು. ವೀಣೆಗೂ ಅಂಟಿಸೋ ಮೈಕು, ಮೃದಂಗಕ್ಕೆ ಎರಡು. ನಾನು ಕಛೇರಿ ಅಂತ ಕೇಳಿದ್ದೆಲ್ಲ ಯಾರದೋ ಸ್ಪೀಕರಿನ ಸದ್ದೇ ಅಲ್ವಾ?

— ಬಹುಪಾಲು ಹೌದು. ಮನೆಯಲ್ಲಿ ‘ನಿಜದ ವೀಣೆಯ ಹಾಗಿಲ್ಲ’ ಅಂತ ನೀವು ಅನ್ನೋವಾಗ, ಹೋಲಿಸ್ತಿರೋದು ಸಭೆಯ ಪೆಟ್ಟಿಗೆಯ ವೀಣೆಗೆ. ಇದನ್ನ ಈ ವಾದದಲ್ಲಿ ಇರುವವರು ಯಾರೂ ಗಟ್ಟಿಯಾಗಿ ಹೇಳಲ್ಲ.

— ಹಾಗಾದರೆ ಕೇಬಲ್ಲಿಗೆ ಮುಂಚೆ ನಾನು ಮಾಡಬೇಕಾದ ಕೆಲಸ ಬೇರೆಯೇ ಇದೆ.

— ಮನೆಗಳಲ್ಲಿ ಇಪ್ಪತ್ತು ಮೂವತ್ತು ಜನರ ನಡುವೆ ಮೈಕಿಲ್ಲದೆ ನುಡಿಸೋರು ಈಗಲೂ ಇದ್ದಾರೆ, ವಿಚಾರಿಸಿ ಹೇಳ್ತೀನಿ. ಮೊದಲು ಐದಾರು ಅಡಿ ದೂರದಲ್ಲಿ, ಎದುರಿಗೆ ಕೂರಿ. ವಿರಾಮ ಆದ ಮೇಲೆ ಹಿಂದಿನ ಗೋಡೆ ಹತ್ರ. ಮೀಟಿದ ಕ್ಷಣ ಹೇಗಿದೆ, ಗಮಕ ಎಳೆಯೋವಾಗ ನಾದ ಎಲ್ಲಿಯವರೆಗೆ ಉಳೀತು, ಎರಡೂ ಜಾಗದಲ್ಲಿ ಬರೆದುಕೊಳ್ಳಿ. ಆ ಟಿಪ್ಪಣಿ ಇಟ್ಟುಕೊಂಡು ಸ್ಪೀಕರ್ ನೋಡೋಕೆ ಹೋಗೋಣ. ಸದ್ದಿನ ಮಟ್ಟ ಸರಿ ಮಾಡೋಕೆ ಮೀಟರು, ಸ್ಪೀಕರಿನ ಮುಂದೆ ಕಟ್ಟೋಕೆ ತೆಳು ಬಟ್ಟೆ, ಎರಡನ್ನೂ ನಾನು ತರ್ತೀನಿ.